ಏಳು ಬೆರಳಿನ ಲ್ಯಾರಿ ಇಟ್ಲಿಯಾಂಗ್

ಫಿಲಿಪ್ಪೀನ್ ದ್ವೀಪಗಳ ಪಂಗಾಸಿನಾನ್ ಪ್ರಾಂತ್ಯದಲ್ಲಿ 1913ರಲ್ಲಿ ಹುಟ್ಟಿದ ಲ್ಯಾರಿ ಇಟ್ಲಿಯಾಂಗ್ ಎಂಬವರ ಚರಿತ್ರೆಯನ್ನು, ಹೊಲದ ಕೂಲಿಯ ಕಷ್ಟವನ್ನರಿತ ನಮ್ಮ ವಾಚಕರಿಗೆ ತಿಳಿಸಬಯಸುತ್ತೇವೆ.

ವಕೀಲರಾಗಬೇಕೆಂಬ ಆಶೆಯಿಂದ ಇವರು 1929ರಲ್ಲಿ, ಹದಿನೈದು ವರುಷದ ಹುಡುಗನಾಗಿರುವಾಗಲೇ, ಅಮೇರಿಕಕ್ಕೆ ಹೋದರು. ದೊರಕಿದ್ದು ಕೂಲಿ ಮಾತ್ರ. ಅಲಾಸ್ಕ ಸೀಮೆಯಲ್ಲಿ ಮೀನನ್ನು ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಯಲ್ಲಿ ಮೂರು ಬೆರಳುಗಳನ್ನು ಕಳಕೊಂಡದ್ದರಿಂದ ಸಂಗಡಿಗರು ಇವರನ್ನು ಏಳು ಬೆರಳಿನವರೆಂದು ಕರೆದರು. ಮುಂದೆ ಇವರಿಗೆ ಹುಟ್ಟಿದ ಮಕ್ಕಳೂ ಏಳು ಮಂದಿಯೇ.

ಆದರೆ ಇವರ ಸಂಗಡಿಗರಲ್ಲಿ ಅನೇಕರಿಗೆ ತಂದೆಯಾಗುವ ಭಾಗ್ಯವಿರಲಿಲ್ಲ. ವಲಸೆ ಹೋದವರು ಹೆಚ್ಚಾಗಿ ಗಂಡಸರು. ಬಿಳಿಯ ಸ್ತ್ರೀಯರನ್ನು ಮದುವೆಯಾಗಲು ಕ್ಯಾಲಿಫೋರ್ನಿಯದ ಕಾನೂನು 1948ರ ವರೆಗೂ ಬಿಡಲಿಲ್ಲ. ಹೀಗೆ ಅವರು ಬಿಡಾರಗಳಲ್ಲಿ ಒಂಟಿಯಾಗಿ ಮುದುಕರಾದರು. ದುಡಿಮೆ ಬೇಕು, ಸಂಸಾರ ಬೇಡವೆಂಬ ಈ ಕಾನೂನು ಕೂಲಿಯ ಕೊರತೆಗಿಂತಲೂ ಕ್ರೂರವೆಂದು ನಮಗೆ ತೋರುತ್ತದೆ.

ಇಂಥವರನ್ನು ಕೂಡಿಸಿಕೊಂಡು ಇಟ್ಲಿಯಾಂಗರು 1965ನೇ ಸಪ್ಟೆಂಬರ್ 8ರಂದು ಡೆಲಾನೋ ಊರಿನ ದ್ರಾಕ್ಷೇತೋಟಗಳಲ್ಲಿ ಕೆಲಸ ನಿಲ್ಲಿಸಿದರು. ಕೇಳಿದ್ದು ತಾಸಿಗೆ 1 ಡಾಲರ್ 40 ಸೆಂಟು. ಹಿಂದೆಲ್ಲಾ ಒಂದು ಜನದವರು ಕೆಲಸ ಬಿಟ್ಟರೆ ಒಡೆಯರು ಮತ್ತೊಂದು ಜನದವರನ್ನು ಕರತರುತ್ತಿದ್ದರು. ಆದಕಾರಣ ಇವರು ಮೆಕ್ಸಿಕೋ ಜನರ ನಾಯಕರಾದ ಸೀಸರ್ ಚಾವೆಜರ ಸಹಾಯವನ್ನು ಬೇಡಿದರು. ಎಂಟು ದಿವಸಗಳಲ್ಲಿ ಅವರೂ ಕೂಡಿಕೊಂಡರು. ಒಡೆಯರು ಒಪ್ಪಂದಕ್ಕೆ ರುಜು ಹಾಕಿದ್ದು 1970ರಲ್ಲಿ.

ಮರುವರುಷ ಇಟ್ಲಿಯಾಂಗರು ಸಂಘವನ್ನು ಬಿಟ್ಟರು. ವೃದ್ಧರಾದ ತಮ್ಮ ಜನರ ಮಾತಿಗೆ ಅಲ್ಲಿ ಬೆಲೆಯಿಲ್ಲವೆಂದು ಅವರಿಗೆ ದುಃಖವಿತ್ತು. ಆ ಮಕ್ಕಳಿಲ್ಲದ ಮುದುಕರಿಗಾಗಿ ಡೆಲಾನೋದಲ್ಲಿ ಕಟ್ಟಿದ ಅಗ್ಬಯಾನಿ ಗ್ರಾಮವೆಂಬ ನಿವಾಸವು 1974ರಲ್ಲಿ ತೆರೆಯಿತು. ಮೂರು ವರುಷಗಳ ತರುವಾಯ, 63ನೇ ವಯಸ್ಸಿನಲ್ಲಿ, ಇಟ್ಲಿಯಾಂಗರು ಅದೇ ಊರಲ್ಲಿ ತೀರಿಹೋದರು.