ಉರಿಯ ಬಣ್ಣದಲ್ಲಿ ಲೋಹ ಹುಡುಕಿದ ಬುನ್ಸೆನ್

ಸೇಲಂ, ಧರ್ಮಪುರಿ ಕಡೆಯ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಪ್ಲಸ್ ಟೂ ವಿಜ್ಞಾನ ಓದಿದವರಿಗೆಲ್ಲ ಬುನ್ಸೆನ್ ಬರ್ನರ್ ಗೊತ್ತು. ಅದರ ಹೆಸರಿನ ಹಿಂದಿರುವ ಮನುಷ್ಯ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ರಕ್ತ, ಮೂತ್ರಗಳಲ್ಲಿರುವ ಲೇಶಮಾತ್ರ ಲೋಹವನ್ನು ಅಳೆದು ಶ್ವಾಸಕೋಶದ ಕ್ಯಾನ್ಸರಿನ ಸುಳಿವು ಹಿಡಿಯಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರಲ್ಲ, ಆ ವಿದ್ಯೆಯ ಬೇರು ಇರುವುದು ಈತನ ಪ್ರಯೋಗಶಾಲೆಯಲ್ಲಿ.

ರಾಬರ್ಟ್ ಬುನ್ಸೆನ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಗಟಿಂಗೆನ್ ಊರಿನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ಮಗ ಓದಿದ್ದು ರಸಾಯನಶಾಸ್ತ್ರ. ಆರಂಭದಲ್ಲೇ ಆತ ಕೈ ಹಾಕಿದ್ದು ಆರ್ಸೆನಿಕ್‌ಗೆ, ಅಂದರೆ ನಮ್ಮ ಹಳ್ಳಿಗಳಲ್ಲಿ ಪಾಷಾಣ ಎನ್ನುವ ವಿಷಕ್ಕೆ. 1834ರಲ್ಲಿ ಬೆರ್ಟ್‌ಹೋಲ್ಡ್ ಎಂಬ ವೈದ್ಯನ ಜೊತೆ ಸೇರಿ, ಆಗ ತಾನೇ ತಯಾರಿಸಿದ ಕಬ್ಬಿಣದ ಹೈಡ್ರಾಕ್ಸೈಡ್ ಈ ವಿಷಕ್ಕೆ ಪ್ರತಿವಿಷ ಎಂದು ತೋರಿಸಿದ. ಮುಂದಿನ ವರ್ಷಗಳಲ್ಲಿ ಅದೇ ಆರ್ಸೆನಿಕ್ ಆತನ ಮೇಲೆ ತಿರುಗಿಬಿತ್ತು. ಪ್ರಯೋಗದ ವೇಳೆ ಸ್ಫೋಟವಾಗಿ ಬಲಗಣ್ಣಿನ ದೃಷ್ಟಿ ಹೋಯಿತು. ವಿಷವೇರಿ ಸಾವಿನ ಬಾಗಿಲು ತಟ್ಟಿ ಬಂದ.

ಉಳಿದ ಒಂದೇ ಕಣ್ಣಿನಲ್ಲಿ ಆತ ನೋಡಿದ್ದನ್ನು ಎರಡು ಕಣ್ಣಿದ್ದವರು ಅಲ್ಲಿಯವರೆಗೆ ನೋಡಿರಲಿಲ್ಲ.

1852ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಸೇರಿದ. 1855ರ ಹೊತ್ತಿಗೆ ಅಲ್ಲಿನ ಕುಶಲಕರ್ಮಿ ಪೀಟರ್ ಡೆಸಾಗನ ಕೈಚಳಕದಿಂದ ಹೊಸ ಬರ್ನರ್ ತಯಾರಾಯಿತು. ಅದರ ಉರಿಗೆ ತನ್ನದೇ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಯಾವ ಲವಣ ಹಿಡಿದರೂ ಅದರ ಬಣ್ಣ ಎದ್ದು ಕಾಣುತ್ತದೆ. ಗ್ಯಾಸ್ ಒಲೆಯ ಮೇಲೆ ಉಪ್ಪು ಹಾಕಿದ ನೀರು ಉಕ್ಕಿದಾಗ ನೀಲಿ ಉರಿ ಹಳದಿಯಾಗುವುದನ್ನು ನಮ್ಮ ಹೆಂಗಸರು ದಿನವೂ ನೋಡುತ್ತಾರೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಗುರುತು. ಬರ್ನರಿಗೆ ಬುನ್ಸೆನ್ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟುಬಿಟ್ಟ.

ಭೌತಶಾಸ್ತ್ರಜ್ಞ ಗುಸ್ಟಾವ್ ಕಿರ್ಕಾಫ್ ಜೊತೆಗೂಡಿದ ಮೇಲೆ ಕೆಲಸಕ್ಕೆ ಹೊಸ ತಿರುವು. ಉರಿಯ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಒಂದೊಂದು ಲೋಹವೂ ತನ್ನದೇ ಬಣ್ಣದ ಗೆರೆಗಳನ್ನು ತೋರಿಸುತ್ತದೆ. ಹೆಬ್ಬೆರಳಿನ ಗುರುತಿನಂತೆ, ಒಂದರದು ಇನ್ನೊಂದಕ್ಕಿಲ್ಲ. 1860ರಲ್ಲಿ ಒಂದು ಊಟೆಯ ನೀರಿನಲ್ಲಿ ಯಾರೂ ಕಾಣದ ನೀಲಿ ಗೆರೆಗಳು ಕಂಡವು. ಹೊಸ ಲೋಹವೆಂದು ಸಾರಿ ಬುನ್ಸೆನ್ ಸುಮ್ಮನೆ ಕೂರಲಿಲ್ಲ. ಸುಮಾರು 44 ಟನ್ ನೀರನ್ನು ಬತ್ತಿಸಿ ಏಳು ಗ್ರಾಂನಷ್ಟು ಲವಣವನ್ನು ಕೈಗೆ ತಂದುಕೊಂಡ. ಅದೇ ಸೀಸಿಯಂ. ಮರುವರ್ಷ ರುಬಿಡಿಯಂ ಸಿಕ್ಕಿತು. ಗೆರೆ ಸುಳಿವು ಮಾತ್ರ, ವಸ್ತುವೇ ಕೈಗೆ ಬರಬೇಕು ಎಂಬುದು ಆತನ ದಾರಿ.

ಈ ಉಪಾಯ ಬೇಗನೆ ವೈದ್ಯರ ಕೈ ಸೇರಿತು. 1865ರಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್, ಪ್ರಾಣಿಗಳಿಗೆ ತಿನ್ನಿಸಿದ ಲಿಥಿಯಂ ದೇಹದ ಮೂಲೆಮೂಲೆಗೂ ತಲುಪುವುದನ್ನು ಗೆರೆಗಳಿಂದಲೇ ಪತ್ತೆ ಮಾಡಿದ. 1955ರಲ್ಲಿ ಆಸ್ಟ್ರೇಲಿಯಾದಲ್ಲಿ ಅಲನ್ ವಾಲ್ಶ್ ರೂಪಿಸಿದ ವಿಧಾನದಿಂದ ಲೋಹ ಇದೆಯೇ ಎಂಬುದರ ಜೊತೆಗೆ ಎಷ್ಟಿದೆ ಎಂದೂ ಸುಲಭವಾಗಿ ಅಳೆಯಬಹುದಾಯಿತು.

ಇದಕ್ಕೂ ಶ್ವಾಸಕೋಶಕ್ಕೂ ಏನು ನಂಟು? ಬುನ್ಸೆನ್‌ನನ್ನು ಕಾಡಿದ ಆರ್ಸೆನಿಕ್, ಜೊತೆಗೆ ಕ್ಯಾಡ್ಮಿಯಂ, ನಿಕ್ಕಲ್ ಸಂಯುಕ್ತಗಳು, ಒಂದು ಬಗೆಯ ಕ್ರೋಮಿಯಂ, ಇವೆಲ್ಲ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲವು. ಬೀಡಿ, ಸಿಗರೇಟಿನ ಹೊಗೆಯಲ್ಲಿ ಕ್ಯಾಡ್ಮಿಯಂ ಇದೆ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ. ವೆಲ್ಡಿಂಗ್ ಹೊಗೆಯನ್ನು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿತು. ಸ್ಟೀಲ್ ಪಾತ್ರೆಗೆ ಹೆಸರಾದ ಸೇಲಂ ಸೀಮೆಯಲ್ಲಿ ವೆಲ್ಡಿಂಗ್ ನಂಬಿ ಬದುಕುವವರು ಇದನ್ನು ತಿಳಿದಿರಬೇಕು.

ಈ ಕ್ಯಾನ್ಸರ್ ಇರುವವರ ರಕ್ತದಲ್ಲಿ ತಾಮ್ರ ಹೆಚ್ಚಾಗಿ, ಸತು, ಸೆಲೆನಿಯಂ ಕಡಿಮೆಯಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಕ್ಷಯರೋಗದಲ್ಲೂ, ಬೇರೆ ಸೋಂಕುಗಳಲ್ಲೂ ತಾಮ್ರ ಏರುತ್ತದೆ. ಸರಿಯಾದ ಊಟವಿಲ್ಲದಿದ್ದರೂ ಸತು ಇಳಿಯುತ್ತದೆ. ಆದ್ದರಿಂದ ಲೋಹದ ಲೆಕ್ಕ ನೋಡಿ ಯಾರಿಗೂ ಕ್ಯಾನ್ಸರ್ ಇದೆ ಎನ್ನಲಾಗದು, ಇಲ್ಲ ಎನ್ನಲೂ ಆಗದು. ಅಂಥ ಪರೀಕ್ಷೆಗೆ ಸಾವಿರಾರು ರೂಪಾಯಿ ಸುರಿದು ನೆಮ್ಮದಿಯಿಂದ ಮನೆಗೆ ಬರುವುದು ಅಪಾಯ. ರೋಗವನ್ನು ಖಚಿತಪಡಿಸುವುದು ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ. ಬಹಳ ವರ್ಷ ಬೀಡಿ ಸೇದಿದವರಲ್ಲಿ ರೋಗವನ್ನು ಬೇಗ ಕಾಣಲು ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ನೆರವಾಗುತ್ತದೆ.

ಬುನ್ಸೆನ್ ಮದುವೆಯಾಗಲಿಲ್ಲ. ಶಿಷ್ಯರೇ ಆತನ ಸಂಸಾರ. 1889ರಲ್ಲಿ ನಿವೃತ್ತನಾಗಿ, 1899ರ ಆಗಸ್ಟ್ 16ರಂದು 88ನೇ ವಯಸ್ಸಿನಲ್ಲಿ ಹೈಡೆಲ್‌ಬರ್ಗಿನಲ್ಲೇ ತೀರಿಕೊಂಡ. ಗೆರೆ ಕಂಡ ಮೇಲೂ 44 ಟನ್ ನೀರು ಬತ್ತಿಸಿದ ಆತನ ತಾಳ್ಮೆ ಇಂದಿನ ಲೋಹದ ಪರೀಕ್ಷೆಗಳಿಗೂ ಬೇಕು. ಆದರೆ ರೋಗಿಗೆ ಕಾಯಲು ಅಷ್ಟು ಸಮಯವಿರುವುದಿಲ್ಲ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ ಕಂಡರೆ ಧರ್ಮಪುರಿಯೋ ಸೇಲಮ್ಮೋ, ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ತಡಮಾಡದೆ ಹೋಗಿ.