ರಜೆಯ ಊಟಕ್ಕೂ ಖಜಾನೆ ತೆರೆಸಿದ ನೇಕಾರ ಫ್ರೆಡ್ ಜೋವೆಟ್

ಬರಗಾಲದ ವರ್ಷ ಏಪ್ರಿಲ್ ಬಂತು ಅಂದ್ರೆ ನಮ್ಮಲ್ಲಿ ಒಂದು ಚರ್ಚೆ ಶುರುವಾಗುತ್ತೆ. ಶಾಲೆಗೆ ಬೀಗ, ಅಡುಗೆ ಕೋಣೆಗೂ ಬೀಗ. ಬಿಸಿಯೂಟ ನಂಬಿಕೊಂಡಿದ್ದ ಮಗು ಬೇಸಿಗೆಯಲ್ಲಿ ಏನು ತಿನ್ನಬೇಕು? ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿದೆ. 2024ರ ಬರದಲ್ಲಿ ಕರ್ನಾಟಕ ಸರ್ಕಾರ ಕೊಟ್ಟಿತು ಕೂಡ. ಬರ ಘೋಷಣೆಯಾಗದ ವರ್ಷ? ಆ ವರ್ಷ ಹಸಿವು ಸರ್ಕಾರಿ ಕಡತದಲ್ಲಿ ಇರಲ್ಲ, ಅಷ್ಟೆ. ನಾನೂ ಬಿಸಿಯೂಟ ತಿಂದು ಓದಿದವನೇ. ರಜೆ ಅಂದ್ರೆ ಮುಖ ಸಪ್ಪೆ ಮಾಡುತ್ತಿದ್ದ ಹುಡುಗರು ನನ್ನ ಕ್ಲಾಸಲ್ಲೇ ಇದ್ದರು.

ಈ ಪ್ರಶ್ನೆ ನೂರು ವರ್ಷಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ಇದನ್ನು ಸಂಸತ್ತಿನವರೆಗೆ ಎಳೆದುಕೊಂಡು ಹೋದವರು ಬ್ರಾಡ್‌ಫರ್ಡ್ ನಗರದ ಫ್ರೆಡ್ ಜೋವೆಟ್. ಬ್ರಿಟನ್ನಿನ ಕಾರ್ಮಿಕ ಚಳವಳಿ ಓದಿದವರಿಗೆ ಗೊತ್ತಿರುವ ಹೆಸರು. ನಮ್ಮಲ್ಲಿ ಕೀರ್ ಹಾರ್ಡಿ ಗೊತ್ತು, ಜೋವೆಟ್ ಅಷ್ಟು ಗೊತ್ತಿಲ್ಲ.

ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಜೋವೆಟ್ ಹುಟ್ಟಿದ್ದು 1864ರಲ್ಲಿ, ಅಲ್ಲಿನ ಕಾರ್ಮಿಕ ಕುಟುಂಬದಲ್ಲಿ. ಎಂಟನೇ ವಯಸ್ಸಿಗೆ ಗಿರಣಿ ಸೇರಿದರು. ದಿನದ ಅರ್ಧ ಗಿರಣಿ, ಅರ್ಧ ಶಾಲೆ. ಅಲ್ಲಿನ ಕಾನೂನೇ ಇದನ್ನು ಒಪ್ಪಿತ್ತು. ಹದಿಮೂರಕ್ಕೆ ಶಾಲೆ ಬಿಟ್ಟು ಪೂರ್ತಿ ಮಗ್ಗದ ಕೆಲಸಕ್ಕೆ ನಿಂತರು. ಮುಂದಿನದ್ದೆಲ್ಲ ಸಂಜೆ ತರಗತಿಯಲ್ಲಿ, ಪುಸ್ತಕ ಹುಡುಕಿಕೊಂಡು ಕಲಿತದ್ದು. ಹಸಿದ ಹೊಟ್ಟೆ, ತೂಕಡಿಸುವ ಕಣ್ಣು ಇಟ್ಟುಕೊಂಡು ಬೆಂಚಿನ ಮೇಲೆ ಕೂತರೆ ತಲೆಗೆ ಏನು ಹತ್ತುತ್ತೆ ಅನ್ನೋದನ್ನ ಅವರಿಗೆ ಯಾರೂ ವರದಿ ಬರೆದು ತಿಳಿಸಬೇಕಿರಲಿಲ್ಲ.

1890ರ ಡಿಸೆಂಬರಿನಲ್ಲಿ ಮ್ಯಾನಿಂಗ್‌ಹ್ಯಾಮ್ ಗಿರಣಿಯ ಮಾಲೀಕರು ಕೂಲಿ ಕಡಿತ ಮಾಡಿದರು. ಸಾವಿರಾರು ಕಾರ್ಮಿಕರ ಮುಷ್ಕರ ನಾಲ್ಕು ತಿಂಗಳು ನಡೆದು ಸೋತಿತು. ಸೋಲಿನಿಂದ ಊರಿನ ರಾಜಕೀಯವೇ ಬದಲಾಯಿತು. 1892ರಲ್ಲಿ ಜೋವೆಟ್ ನಗರಸಭೆಗೆ ಗೆದ್ದರು, ಬ್ರಾಡ್‌ಫರ್ಡ್‌ನ ಮೊದಲ ಸಮಾಜವಾದಿ ಸದಸ್ಯರಾಗಿ. ಮರು ವರ್ಷ ಜನವರಿಯಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಹುಟ್ಟಿದ್ದೂ ಇದೇ ಊರಲ್ಲಿ.

ಮಕ್ಕಳ ಹಸಿವಿಗೆ ಆಗ ಏನೂ ವ್ಯವಸ್ಥೆ ಇರಲಿಲ್ಲ ಅಂತಲ್ಲ. ಸಿಂಡರೆಲ್ಲಾ ಕ್ಲಬ್ ಅಂತ ಇತ್ತು. ಪತ್ರಕರ್ತ ರಾಬರ್ಟ್ ಬ್ಲಾಚ್‌ಫರ್ಡ್ ಹುಟ್ಟುಹಾಕಿದ ಕ್ಲಬ್ಬುಗಳಿವು. ಬ್ರಾಡ್‌ಫರ್ಡ್‌ನ ಶಾಖೆ ಬಡ ಮಕ್ಕಳಿಗೆ ಊಟ ಹಾಕುತ್ತಿತ್ತು, ಹಾಡು ಆಟ ಮಾಡಿಸುತ್ತಿತ್ತು. ಒಳ್ಳೆ ಕೆಲಸವೇ. ಆದ್ರೆ ದೇಣಿಗೆ ಬಂದಷ್ಟೇ ಊಟ. ಕ್ಲಬ್ಬಿನ ಕೈಯಲ್ಲಿ ಆಗದಿದ್ದರೆ ಉಳಿದದ್ದು ಪೂರ್ ಲಾ, ಅಂದ್ರೆ ದರಿದ್ರರ ಪರಿಹಾರದ ಹಳೇ ಕಾನೂನು. ಅದರ ಬಾಗಿಲಿಗೆ ಹೋದರೆ ಅಪ್ಪನ ಆದಾಯದ ತನಿಖೆ. ಮಗುವಿಗೆ ಹಾಕಿದ ಊಟವನ್ನು ಅಪ್ಪನ ಹೆಸರಲ್ಲಿ ಸಾಲ ಅಂತ ಬರೆಯೋದೂ ಇತ್ತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು: ಪೂರ್ ಲಾ ನೆರವು ಪಡೆದವನು ಮತದಾನದ ಹಕ್ಕನ್ನೇ ಕಳೆದುಕೊಳ್ಳಬೇಕಾಗುತ್ತಿತ್ತು. ಇದನ್ನ ಸ್ವಲ್ಪ ನಿಂತು ಯೋಚಿಸಿ. ಮಗಳ ಗಂಜಿಗೆ ಬದಲಾಗಿ ಅಪ್ಪನ ಓಟು!

ಜೋವೆಟ್ ನಗರಸಭೆಯಲ್ಲಿ ವರ್ಷಗಟ್ಟಲೆ ಹಿಡಿದ ಪಟ್ಟು ಇದಕ್ಕೆ ಉತ್ತರ. ಸರ್ಕಾರ ಮಗುವನ್ನು ಶಾಲೆಗೆ ಬಾ ಅಂತ ಕಡ್ಡಾಯ ಮಾಡಿದೆ. ಹಾಗಿದ್ದರೆ ಆ ಮಗುವಿನ ಊಟವೂ ಊರಿನ ಜವಾಬ್ದಾರಿ, ದೇಣಿಗೆಯಿಂದಲ್ಲ, ತೆರಿಗೆಯಿಂದ. ಶಾಲಾ ಮಂಡಳಿಯಲ್ಲಿದ್ದ ಮಾರ್ಗರೆಟ್ ಮ್ಯಾಕ್‌ಮಿಲನ್ ಕೂಡ ಮಕ್ಕಳ ಆರೋಗ್ಯಕ್ಕಾಗಿ ಇದೇ ಊರಲ್ಲಿ ಹೋರಾಡಿದವರು. ಎದುರು ಪಾಳಯದ ವಾದ ನಮಗೂ ಪರಿಚಿತ: ಹೀಗೆ ಊಟ ಹಾಕಿದರೆ ಅಪ್ಪಂದಿರು ಸೋಮಾರಿಗಳಾಗ್ತಾರೆ. ಗ್ಯಾರಂಟಿ ಯೋಜನೆಗಳ ಬಗ್ಗೆ ಟಿವಿ ಡಿಬೇಟ್ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಿಸಲ್ಲ.

1906ರಲ್ಲಿ ಜೋವೆಟ್ ಸಂಸದರಾದರು. ಅದೇ ವರ್ಷ ಶಾಲಾ ಊಟದ ಕಾಯ್ದೆ ಬಂತು. ಮಸೂದೆ ತಂದವರು ಇನ್ನೊಬ್ಬ ಲೇಬರ್ ಸಂಸದ ವಿಲ್ಸನ್. ಜೋವೆಟ್ ಅದರ ಪರ ನಿಂತರು. ಊಟದ ಖರ್ಚು ಕೊಡಲಾಗದ ತಂದೆ ತಾಯಿಯ ಮತದ ಹಕ್ಕಿಗೆ ಧಕ್ಕೆಯಾಗಬಾರದು ಅಂತ ಅದರಲ್ಲಿ ಬರೆದಿತ್ತು. ನನ್ನ ಪ್ರಕಾರ ಇಡೀ ಕಾಯ್ದೆಯ ಅತ್ಯಂತ ಮುಖ್ಯ ಸಾಲು ಇದೇ. ಆದ್ರೆ ಎರಡು ಕೊಕ್ಕೆಗಳಿದ್ದವು. ಊಟ ಹಾಕಬಹುದು ಅಂತಿತ್ತೇ ಹೊರತು ಹಾಕಲೇಬೇಕು ಅಂತಿರಲಿಲ್ಲ. ಖರ್ಚಿಗೂ ಮಿತಿ: ಆಸ್ತಿಯ ತೆರಿಗೆ ಮೌಲ್ಯದ ಮೇಲೆ ಪೌಂಡಿಗೆ ಅರ್ಧ ಪೆನ್ನಿ. ಆಗ ಪೌಂಡಿಗೆ 240 ಪೆನ್ನಿ, ಅಂದ್ರೆ 480ರಲ್ಲಿ ಒಂದು ಪಾಲು. ಲೆಕ್ಕ ಹಾಕಿ ನೋಡಿ. ಬಂಗಲೆಗಳಿರುವ ಊರಲ್ಲಿ ಅರ್ಧ ಪೆನ್ನಿಗೆ ಸಾಕಷ್ಟು ಹಣ ಬರುತ್ತೆ, ಅಲ್ಲಿ ಹಸಿದ ಮಕ್ಕಳು ಕಡಿಮೆ. ಕೂಲಿಕಾರರ ಊರಲ್ಲಿ ಅದೇ ಅರ್ಧ ಪೆನ್ನಿಗೆ ಪುಡಿಗಾಸು, ಮಕ್ಕಳು ಸಾವಿರಾರು.

ಮರು ವರ್ಷ ಬ್ರಾಡ್‌ಫರ್ಡ್‌ನಲ್ಲಿ ಒಂದು ಪ್ರಯೋಗ ನಡೀತು. ಶಾಲಾ ವೈದ್ಯಾಧಿಕಾರಿ ರಾಲ್ಫ್ ಕ್ರೌಲಿ, ಅಡುಗೆ ಕಲಿಸುವ ವಿಭಾಗದ ಮೇಲ್ವಿಚಾರಕಿ ಮಾರಿಯನ್ ಕಫ್ ಸೇರಿ 40 ಬಡ ಮಕ್ಕಳನ್ನು ಆರಿಸಿದರು. ಏಪ್ರಿಲ್‌ನಿಂದ ಜುಲೈವರೆಗೆ ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಓಟ್ಸ್ ಗಂಜಿ, ಹಾಲು, ಬ್ರೆಡ್ಡು. ಮಧ್ಯಾಹ್ನ ಬಿಸಿ ಊಟ. ಮೇಜಿಗೆ ಒಗೆದ ಬಟ್ಟೆ ಹಾಸಿ, ಹೂವು ಇಟ್ಟು, ಕೂರಿಸಿ ಬಡಿಸಿದರು; ಸಾಲಲ್ಲಿ ನಿಲ್ಲಿಸಿ ಕೈಗೆ ಕೊಟ್ಟು ಕಳಿಸಲಿಲ್ಲ. ನಡೆದದ್ದು ಗ್ರೀನ್ ಲೇನ್ ಶಾಲೆಯಲ್ಲಿ. ಮುಖ್ಯೋಪಾಧ್ಯಾಯರು ಜೊನಾಥನ್ ಪ್ರೀಸ್ಟ್ಲಿ, ಮುಂದೆ ದೊಡ್ಡ ಲೇಖಕರಾದ ಜೆ.ಬಿ. ಪ್ರೀಸ್ಟ್ಲಿಯ ತಂದೆ.

ಮಕ್ಕಳನ್ನು ಆಗಾಗ ತೂಕ ಮಾಡುತ್ತಿದ್ದರು. ಊಟ ಸಿಕ್ಕ ವಾರಗಳಲ್ಲಿ ಗೆರೆ ಮೇಲಕ್ಕೆ ಹೋಯಿತು. ಮೇ ತಿಂಗಳಲ್ಲಿ ವಿಟ್ಸನ್ ಹಬ್ಬದ ರಜೆ ಬಂತು, ಊಟ ನಿಂತಿತು, ತೂಕ ಇಳಿಯಿತು. ಶಾಲೆ ತೆರೆದ ಮೇಲೆ ಮತ್ತೆ ಏರಿತು. ರಜೆಯ ಹಸಿವನ್ನ ಅದಕ್ಕಿಂತ ಮೊದಲು ಇಷ್ಟು ಸರಳವಾಗಿ ಕಾಗದದ ಮೇಲೆ ಯಾರಾದರೂ ತೋರಿಸಿದ್ದನ್ನ ನಾನಂತೂ ಕಂಡಿಲ್ಲ.

ಇಷ್ಟು ಗೊತ್ತಾದ ಮೇಲೂ ರಜೆಯಲ್ಲಿ ತೆರಿಗೆ ಹಣದಿಂದ ಊಟ ಹಾಕುವ ಹಾಗಿರಲಿಲ್ಲ. ಯಾಕೆ? 1906ರ ಕಾಯ್ದೆ ಊಟಕ್ಕೆ ಕೊಟ್ಟ ಕಾರಣ ಪಾಠ: ಆಹಾರವಿಲ್ಲದೆ ಪಾಠದ ಪೂರ್ತಿ ಪ್ರಯೋಜನ ಪಡೆಯಲಾಗದ ಮಗುವಿಗೆ ಊಟ. ಪಾಠವೇ ಇಲ್ಲದ ದಿನ ಊಟ ಯಾಕೆ ಅನ್ನೋದು ಕಾನೂನು ಓದಿದವರ ತರ್ಕ. ನಾವೂ ಬಿಸಿಯೂಟವನ್ನ ಹಾಜರಾತಿ ಹೆಚ್ಚಿಸುವ ಯೋಜನೆ ಅಂತಲೇ ಹೊಗಳಿಕೊಂಡು ಬಂದಿದ್ದೀವಲ್ಲ, ಆ ಹೊಗಳಿಕೆಯಲ್ಲಿ ಇದೇ ಅಪಾಯ ಇದೆ. ಹಾಜರಿ ಪುಸ್ತಕ ಮುಚ್ಚಿದ ದಿನ ತಟ್ಟೆಗೂ ಕಾರಣ ಉಳಿಯಲ್ಲ.

ಜೋವೆಟ್ ಕೈ ಹಾಕಿದ್ದು ಇಲ್ಲಿಗೆ. ಕಾಯ್ದೆ ತಿದ್ದುಪಡಿಗೆ ಖಾಸಗಿ ಮಸೂದೆ ತಂದರು. ಎರಡು ಬೇಡಿಕೆಗಳು: ಅರ್ಧ ಪೆನ್ನಿ ಮಿತಿ ಹೋಗಬೇಕು, ಶಾಲೆ ಮುಚ್ಚಿದ ದಿನವೂ ಊಟ ಹಾಕುವ ಅಧಿಕಾರ ಬೇಕು. ಎರಡೂ ಕಡೆಗೆ 1914ರ ಆಗಸ್ಟ್‌ನಲ್ಲಿ ಕಾನೂನಾದವು, ಮಹಾಯುದ್ಧ ಶುರುವಾದ ದಿನಗಳಲ್ಲಿ. ಅಪ್ಪಂದಿರು ಯುದ್ಧಕ್ಕೆ ಹೋದರೆ ಮನೆಗಳ ಗತಿ ಏನು ಅನ್ನೋ ಭಯ ಸಂಸತ್ತನ್ನು ಆವರಿಸಿತ್ತು. ಅದೇ ಯುದ್ಧವನ್ನು ಜೋವೆಟ್ ವಿರೋಧಿಸುತ್ತಿದ್ದರು ಅನ್ನೋದು ವಿಚಿತ್ರ. ಆ ವಿರೋಧದ ನಂತರ ಬಂದ 1918ರ ಚುನಾವಣೆಯಲ್ಲಿ ಸೋತರು.

ಮುಂದಿನ ರಾಜಕೀಯ ಏಳುಬೀಳಿನದು. 1922ರಲ್ಲಿ ಮತ್ತೆ ಗೆದ್ದರು, 1924ರ ಮೊದಲ ಲೇಬರ್ ಸರ್ಕಾರದಲ್ಲಿ ಕ್ಯಾಬಿನೆಟ್ ಸೇರಿದರು, ಅದೇ ವರ್ಷ ಸೋತರು, 1929ರಲ್ಲಿ ಗೆದ್ದು 1931ರಲ್ಲಿ ಮತ್ತೆ ಸೋತರು. 1932ರಲ್ಲಿ ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಲೇಬರ್ ಪಕ್ಷದಿಂದ ಹೊರಬಂದಾಗ ಇವರು ಅದರ ಜೊತೆಗೇ ನಿಂತರು. ಅದು ತಪ್ಪು ಹೆಜ್ಜೆ ಅಂತಲೇ ನನ್ನ ಅನಿಸಿಕೆ. ಪಕ್ಷ ಸೊರಗಿತು, ಕಾನೂನು ಬದಲಿಸುವ ಶಕ್ತಿ ಹೋಯಿತು. ಅವರು ತೀರಿಕೊಂಡದ್ದು 1944ರ ಫೆಬ್ರವರಿಯಲ್ಲಿ. ಆರು ತಿಂಗಳ ನಂತರ ಬಂದ ಶಿಕ್ಷಣ ಕಾಯ್ದೆ ಶಾಲಾ ಊಟವನ್ನು ಸ್ಥಳೀಯ ಸಂಸ್ಥೆಗಳ ಕರ್ತವ್ಯವನ್ನಾಗಿ ಮಾಡಿತು.

ರಜೆಯ ಊಟ ಮಾತ್ರ ಇತ್ಯರ್ಥವಾಗಲೇ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ಅಭಿಯಾನ ನಡೆಸುತ್ತಿದ್ದಾಗ, ರಜೆಯಲ್ಲೂ ಊಟದ ನೆರವು ಮುಂದುವರಿಸಬೇಕೆಂಬ ನಿರ್ಣಯವನ್ನು ಬ್ರಿಟಿಷ್ ಸಂಸತ್ತು 322–261 ಮತಗಳಿಂದ ತಿರಸ್ಕರಿಸಿತು. ಮುಂದಿನ ತಿಂಗಳೇ ಸರ್ಕಾರ ಮಣಿಯಿತು. ಸಣ್ಣದಾಗಿ ನಡೆಯುತ್ತಿದ್ದ ರಜಾ ಚಟುವಟಿಕೆ ಮತ್ತು ಆಹಾರ ಯೋಜನೆ 2021ರಲ್ಲಿ ಗರಿಷ್ಠ 22 ಕೋಟಿ ಪೌಂಡಿನ ಅನುದಾನದೊಂದಿಗೆ ಇಡೀ ಇಂಗ್ಲೆಂಡಿಗೆ ವಿಸ್ತರಿಸಿತು. ಊಟದ ಜೊತೆ ಆಟ, ಕಲೆ, ಅಡುಗೆ ಕಲಿಕೆ ಎಲ್ಲ ಉಂಟು. ದಿನಕ್ಕೆ 4 ಗಂಟೆ, ವಾರಕ್ಕೆ 4 ದಿನ, ವರ್ಷಕ್ಕೆ 6 ವಾರ. ಅಲ್ಲಿನ ಶಾಲೆಗಳಿಗೆ ರಜೆ ಇರೋದು ಸುಮಾರು 13 ವಾರ.