ಸಂಗೀತರತ್ನ ಅಬ್ದುಲ್ ಕರೀಂಖಾನರು

ಮಾದಾಪುರದ ಎತ್ತರದ ಕಟ್ಟಡಗಳ ನಡುವೆ ಬಾಳುವ ನಮಗೆ ಇಂದು ಹಾಡು ಕೇಳುವುದು ಅತಿ ಸುಲಭವಾದ ಕೆಲಸ. ಮೊಬೈಲಿನ ಮೇಲೆ ಬೆರಳಿಟ್ಟರೆ ಸಾಕು, ಸಾವಿರ ಹಾಡುಗಳು ಕೈವಶವಾಗುತ್ತವೆ. ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತೇವೆ. ಆದರೆ ಸುಮಾರು ತೊಂಬತ್ತು ವರ್ಷಗಳ ಹಿಂದೆ ಗದಗಿನಲ್ಲಿ ಬಾಲಕನೊಬ್ಬನು ಅಂಗಡಿಯ ಮುಂದೆ ನಿಂತು ಗ್ರಾಮಫೋನಿನ ಒಂದು ಹಾಡನ್ನು ಕೇಳಿದನು. ಆ ಹಾಡು ಅವನ ಬಾಳಿನ ದಾರಿಯನ್ನೇ ಬದಲಿಸಿತು. ಬಾಲಕನು ಯಾರೆಂಬುದನ್ನು ಮುಂದೆ ಹೇಳುವೆವು. ಹಾಡಿದವರು ಉಸ್ತಾದ್ ಅಬ್ದುಲ್ ಕರೀಂಖಾನರು.

ಖಾನ್‌ಸಾಹೇಬರು 1872ರಲ್ಲಿ ಇಂದಿನ ಉತ್ತರ ಪ್ರದೇಶಕ್ಕೆ ಸೇರಿದ ಕೈರಾಣಾ ಎಂಬ ಊರಿನಲ್ಲಿ ಜನಿಸಿದರು. ಸಂಗೀತವೇ ಅವರ ಮನೆತನದ ವೃತ್ತಿ. ತಂದೆ ಕಾಲೇಖಾನರಿಂದಲೂ ಚಿಕ್ಕಪ್ಪ ಅಬ್ದುಲ್ಲಾಖಾನರಿಂದಲೂ ಅವರಿಗೆ ಪಾಠವಾಯಿತು. ಆ ಊರಿನ ಹೆಸರಿನಿಂದಲೇ ಅವರ ಗಾಯನ ಪದ್ಧತಿಗೆ ಕಿರಾಣಾ ಘರಾಣೆಯೆಂಬ ಹೆಸರು ಬಂದಿತು. ಯೌವನದಲ್ಲಿ ಬರೋಡಾ ಸಂಸ್ಥಾನದ ಆಶ್ರಯ ದೊರಕಿತು. ಅಲ್ಲಿ ತಾರಾಬಾಯಿಯವರ ಕೈಹಿಡಿದು, ಆ ಊರನ್ನು ಬಿಟ್ಟು ದಕ್ಷಿಣಕ್ಕೆ ಬಂದರು.

1913ರಲ್ಲಿ ಅವರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ತಮಗೆ ತಿಳಿದುದನ್ನು ಮನೆಯವರಿಗೆ ಮಾತ್ರ ಮೀಸಲಾಗಿಡುವುದು ಅಂದಿನ ಅನೇಕ ಗಾಯಕರ ವಾಡಿಕೆಯಾಗಿದ್ದಿತು. ಖಾನ್‌ಸಾಹೇಬರಾದರೋ ಬಡವ ಬಲ್ಲಿದರೆಂಬ ಭೇದವಿಲ್ಲದೆ ಹೊರಗಿನ ಮಕ್ಕಳಿಗೂ ವಿದ್ಯೆಯನ್ನು ಧಾರೆಯೆರೆದರು.

ಕನ್ನಡನಾಡಿನೊಡನೆ ಅವರಿಗಿದ್ದ ನಂಟು ದೊಡ್ಡದು. ಮೈಸೂರಿನ ಆಸ್ಥಾನಕ್ಕೆ ಅವರು ಪದೇ ಪದೇ ಹೋಗುತ್ತಿದ್ದರು. ಸಂಗೀತರತ್ನವೆಂಬ ಬಿರುದನ್ನು ಕೊಟ್ಟು ಗೌರವಿಸಿದುದೂ ಆ ಆಸ್ಥಾನವೇ. ಅಲ್ಲಿ ಕರ್ನಾಟಕ ಸಂಗೀತವನ್ನು ಆದರದಿಂದ ಆಲಿಸಿ, ಅದರ ಸ್ವರಪ್ರಸ್ತಾರದ ಸೊಗಸನ್ನು ತಮ್ಮ ಗಾಯನಕ್ಕೂ ತಂದುಕೊಂಡರು. ತ್ಯಾಗರಾಜರ ಕೃತಿಯನ್ನು ಕೂಡ ಹಾಡಿ ಮುದ್ರಿಸಿದರು. ಮೈಸೂರಿಗೆ ಹೋಗಿಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಚಂದ್ರ ಎಂಬ ತರುಣನು ಅವರ ಶಿಷ್ಯನಾಗಿ ಹಲವು ವರ್ಷ ಕಲಿತನು. ಸವಾಯಿ ಗಂಧರ್ವರೆಂದು ಹೆಸರಾದವರು ಇವರೇ.

1922ರಲ್ಲಿ ಖಾನ್‌ಸಾಹೇಬರ ಸಂಸಾರವು ಒಡೆಯಿತು. ತಾರಾಬಾಯಿಯವರು ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಆ ಮಕ್ಕಳಲ್ಲಿ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ ಇವರು ಮುಂದೆ ಕೀರ್ತಿವಂತ ಗಾಯಕರಾದರು. ಖಾನ್‌ಸಾಹೇಬರು ತಂಬೂರಿಗಳಿಗೆ ಹೆಸರಾದ ಮೀರಜಿನಲ್ಲಿ ನೆಲೆಸಿದರು.

ಇನ್ನು ಗ್ರಾಮಫೋನಿನ ಮಾತು. ಅಂದಿನ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮುಖದಲ್ಲಿ ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಹಾಡು ಮಾತ್ರ ಹಿಡಿಯುತ್ತಿತ್ತು. ಕಚೇರಿಯಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವ ಗಾಯಕರಿಗೆ ಇದು ಸೆರೆಮನೆಯಂತೆ ತೋರಿದರೆ ಆಶ್ಚರ್ಯವಿಲ್ಲ. ಖಾನ್‌ಸಾಹೇಬರ ಮುದ್ರಿಕೆಗಳಲ್ಲಿ ಮಾತ್ರ ಅವಸರವೆಂಬುದು ಕಾಣದು. ಝಿಂಝೋಟಿ ರಾಗದ ಅವರ ಠುಮ್ರಿಯು ವಿರಹದ ಹಾಡು. ತೆಳುವಾದ, ಎತ್ತರದ ಆ ಕಂಠವು ಶ್ರುತಿಯಲ್ಲಿ ಕರಗಿ, ಒಂದೊಂದು ಸ್ವರದ ಮೇಲೂ ನಿಂತು ಸಾಗುತ್ತದೆ. ಹಾಡಿನ ಭಾಷೆ ತಿಳಿಯದವರಿಗೂ ಅದರ ನೋವು ತಿಳಿಯುತ್ತದೆ.

ಗದಗಿನ ಬಾಲಕನು ಕೇಳಿದುದು ಈ ಹಾಡನ್ನೇ. 1922ರಲ್ಲಿ ರೋಣದಲ್ಲಿ ಹುಟ್ಟಿದ ಆತನ ಹೆಸರು ಭೀಮಸೇನ ಜೋಶಿ. ಇಂತಹ ಗಾನವನ್ನು ತಾನೂ ಸಾಧಿಸಬೇಕೆಂಬ ಹಂಬಲದಿಂದ 1933ರಲ್ಲಿ, ತನ್ನ 11ನೆಯ ವಯಸ್ಸಿನಲ್ಲಿ, ಮನೆಬಿಟ್ಟು ಹೊರಟನು. ಗ್ವಾಲಿಯರ್, ಕಲ್ಕತ್ತ, ದಿಲ್ಲಿ ಮುಂತಾದ ಊರುಗಳನ್ನು ಅಲೆದನು. ಕೊನೆಗೆ ತಂದೆಯು ಅವನನ್ನು ಜಾಲಂಧರದಲ್ಲಿ ಕಂಡು ಮನೆಗೆ ಕರೆತಂದರು. ಹಿಂದುಸ್ತಾನವನ್ನೆಲ್ಲ ಸುತ್ತಿ ಹುಡುಕಿದ ಗುರುವು ದೊರೆತುದು ಗದಗಿಗೆ ದೂರವಲ್ಲದ ಕುಂದಗೋಳದಲ್ಲಿ! 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಗುರುಗೃಹದಲ್ಲಿ ನೀರು ಹೊತ್ತು, ಸೇವೆ ಮಾಡಿ, ಆ ಬಾಲಕನು ಖಾನ್‌ಸಾಹೇಬರ ವಿದ್ಯೆಯನ್ನು ಅವರ ಶಿಷ್ಯನಿಂದ ಪಡೆದನು.

ಮರುವರ್ಷವೇ ಖಾನ್‌ಸಾಹೇಬರು ಕಾಲವಶರಾದರು. 1937ರ ಅಕ್ಟೋಬರ್ 27ರಂದು ಅವರು ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೋಗುತ್ತಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಹಾಸಿಗೆಯನ್ನು ಹಾಸಿಸಿ, ತಂಬೂರಿಯನ್ನು ಶ್ರುತಿಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆಯನ್ನು ಹಾಡುತ್ತ ಪ್ರಾಣಬಿಟ್ಟರೆಂದು ಅವರ ಚರಿತ್ರೆಯು ಹೇಳುತ್ತದೆ. ಮೀರಜಿನ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅವರ ನೆನಪಿಗಾಗಿ ಅಲ್ಲಿ ಗಾಯಕರು ಕೂಡಿ ಹಾಡುವ ಉತ್ಸವವು ನಡೆದುಬಂದಿದೆ.

ಮನೆಬಿಟ್ಟು ಹೋಗಿದ್ದ ಬಾಲಕನಿಗೆ 2008ರಲ್ಲಿ ಭಾರತರತ್ನ ಪ್ರಶಸ್ತಿಯು ಘೋಷಿತವಾಯಿತು. 2011ರಲ್ಲಿ ಆತನೂ ತೀರಿಕೊಂಡನು. ಗುರುವಿಲ್ಲ, ಶಿಷ್ಯನಿಲ್ಲ, ಶಿಷ್ಯನ ಶಿಷ್ಯನೂ ಇಂದಿಲ್ಲ. ಆದರೆ ಆ ಹಾಡು ಇದೆ. ಅಂಗಡಿಯ ಮುಂದೆ ನಿಂತಿದ್ದ ಬಾಲಕನಿಗೆ ದೊರೆತ ಅದೇ ಮೂರು ನಿಮಿಷಗಳು ಇಂದು ನಮ್ಮ ಕೈಯಲ್ಲಿಯೂ ಇವೆ. ವಿದ್ಯಾರ್ಥಿ ಮಿತ್ರರೇ, ಒಂದು ಸಂಜೆ ಬೇರೆಲ್ಲ ಕೆಲಸವನ್ನು ಬದಿಗಿಟ್ಟು, ನಡುವೆ ಬೆರಳು ಸೋಕಿಸದೆ, ಅದನ್ನು ಕೊನೆಯವರೆಗೆ ಕೇಳಿರಿ.